ಗೋಡೆಯ ಮೇಲಿನ ಹನ್ನೊಂದನೇ ಕಂಪ್ರೆಸರ್

ಆ ಗಾಡಿ ನನ್ನ ಶೆಡ್ಡಿಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಮೂತಿಗೆ ಹಗ್ಗ ಕಟ್ಟಿಸಿಕೊಂಡು. ಮೇ ತಿಂಗಳ ಒಂದು ಸೋಮವಾರ, ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿನಲ್ಲಿ ಆದವಾನಿಯ ನಾಯಿಗಳು ಕೂಡ ಬೊಗಳುವ ಗೋಜಿಗೆ ಹೋಗುವುದಿಲ್ಲ. ಏಳು ಸೀಟಿನ ಬಿಳಿ ಗಾಡಿ, ಹಿಂದಿನ ಗಾಜಿನ ಮೇಲೆ ರಾಯರ ಸ್ಟಿಕ್ಕರ್, ತೊಳೆದು ತೊಳೆದು ಬಣ್ಣವೇ ಸವೆದಿತ್ತು. ಸ್ಟಿಯರಿಂಗ್ ಹಿಡಿದು ಕೂತಿದ್ದವನು ಗೋನೆಗಂಡ್ಲದ ಡ್ರೈವರ್. ಮೂವತ್ತೈದರ ಆಸುಪಾಸಿನ ವಯಸ್ಸು. ಕುರಿ ಸಾಕುವ ಮನೆಯವನು, ಮನೆತನದಲ್ಲಿ ಗಾಡಿ ಕಲಿತವನು ಇವನೊಬ್ಬನೇ. ಮಂತ್ರಾಲಯದ ಒಂದು ಲಾಡ್ಜಿನವರು ತಮ್ಮ ಯಾತ್ರಿಕರನ್ನು ಆದವಾನಿ ಸ್ಟೇಷನ್ನಿನಿಂದ ಕರೆತರುವ ಕೆಲಸವನ್ನು ಖಾಯಂ ಆಗಿ ಇವನಿಗೆ ಕೊಟ್ಟಿದ್ದರು. ಇವನ ಮನೆಯ ಒಲೆ ಉರಿಯುತ್ತಿದ್ದದ್ದು ಅದೊಂದರಿಂದಲೇ.

ನಾನು ಆದವಾನಿಯವನು, ಕಾರಿನ ಎ.ಸಿ. ಮೆಕ್ಯಾನಿಕ್. ಉಸ್ತಾದ್ ಅನ್ನುತ್ತಾರೆ. ನನ್ನ ಬಗ್ಗೆ ಎರಡು ಸಂಗತಿ ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ. ಒಂದು, ನಾನು ಕೈಯಿಟ್ಟು ಹೇಳುವವನು. ಗಾಡಿ ಚಾಲೂ ಮಾಡಿಸಿ, ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ, ಒತ್ತಡ ಅಳೆಯುವ ಗೇಜು ಹಚ್ಚದೆ, ಬಾನೆಟ್ ಎತ್ತದೆ, ಇದು ಗ್ಯಾಸು, ಇದು ಫ್ಯಾನು, ಇದು ವಾಲ್ವು ಎಂದು ಹೇಳಿಬಿಡುತ್ತಿದ್ದೆ. ಬೇಸಿಗೆಯಲ್ಲಿ ಗಾಡಿಗಳು ಸಾಲುಗಟ್ಟಿದಾಗ ಡಾಕ್ಟರರ ಹಾಗೆ ಚೀಟಿ ಬರೆದು, ಸರದಿಯ ದಿನ ಹಾಕಿ ಕಳಿಸುತ್ತಿದ್ದೆ. ಎಮ್ಮಿಗನೂರಿನಿಂದ ಜನ ಬರುತ್ತಿದ್ದದ್ದೇ ಈ ಅಂಗೈಗಾಗಿ. ಎರಡು, ನನ್ನ ಗೋಡೆ. ಮಾಲೀಕರ ದಡ್ಡತನದಿಂದ ಸತ್ತ ಕಂಪ್ರೆಸರುಗಳನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತೇನೆ. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಊರಿನ ಹೆಸರು, ಕೆಳಗೆ ಮಾಡಿದ ತಪ್ಪು. ತೆಲುಗಿನಲ್ಲೊಂದು ಸಾಲು, ಕನ್ನಡದಲ್ಲೊಂದು ಸಾಲು. ಆ ಸೋಮವಾರದ ಹೊತ್ತಿಗೆ ಗೋಡೆಯ ಮೇಲೆ ಹತ್ತು ಇದ್ದವು.

"ಏನಾತಲೇ?" ಅಂದೆ.

"ಪಟ್ ಅಂತ ಸಪ್ಪಳ ಬಂತ್ರಿ ಉಸ್ತಾದ್. ಬಾನೆಟ್ಟಿಂದ ಬೆಳ್ಳಗ ಹೊಗಿ ಬುಸ್ ಅಂತು. ಗಾಡ್ಯಾಗ ನಾಕು ಮಂದಿ ಮುದುಕ್ರು. ಬೆಂಕಿ ಹತ್ತೈತಿ ಅಂತ ಜಿಗಿದ್ರು. ಒಬ್ಬಾಕಿ ಅಜ್ಜಿ ಬಿದ್ದು ಎರಡೂ ಮೊಣಕಾಲು ಕೆತ್ತಿಹೋದ್ವು. ಬೇರೆ ಗಾಡ್ಯಾಗ ಕಳಿಸೀನಿ."

"ಆಮ್ಯಾಲೆ?"

"ಆಮ್ಯಾಲೆ ಹೊಳ್ಳಿಸ್ಕೊಂಡು ಬರಾಕತ್ತಿದ್ದೆ. ಎ.ಸಿ. ಸ್ವಿಚ್ ಬಂದ್ ಮಾಡಾಕ ಮರ್ತೆ. ಸ್ವಲ್ಪ ದೂರಕ್ಕ ಕೀರ್ ಅಂತ ಒದರಿ ಬೆಲ್ಟ್ ಕಡೀತು."

ಬಾನೆಟ್ ಎತ್ತಿದೆ. ಎಂಜಿನ್ನಿನ ಮೇಲೆಲ್ಲ ಹಸಿರು ಎಣ್ಣೆ ಸಿಡಿದಿತ್ತು. ಒತ್ತಡ ಮಿತಿ ಮೀರಿದಾಗ ಗ್ಯಾಸನ್ನು ಹೊರಗೆ ಬಿಡಲೆಂದು ಕಂಪ್ರೆಸರಿನಲ್ಲಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದು ಹಾರಿತ್ತು. ಗ್ಯಾಸಿನ ಜೊತೆ ಎಣ್ಣೆಯೂ ಹೋಗಿ, ಒಣಗಿದ ಕಂಪ್ರೆಸರ್ ತಿರುಗಿ ತಿರುಗಿ ಕಚ್ಚಿಕೊಂಡು ನಿಂತಿತ್ತು. ಕೈಯಿಂದ ತಿರುಗಿಸಿದೆ, ಕಲ್ಲು.

"ಇದಕ್ಕ ಯಾರು ಕೈ ಹಚ್ಚ್ಯಾರ?"

"ಯಾರೂ ಇಲ್ರಿ."

ಅವನು ಕಣ್ಣು ತಪ್ಪಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು. ಸೀದಾ ಹಿಂದೆ ಹೋಗಿ ಡಿಕ್ಕಿ ತೆಗೆದೆ. ಸ್ಟೆಪ್ನಿಯ ಪಕ್ಕ, ಗೋಣಿಚೀಲದ ಕೆಳಗೆ ಎರಡು ಎ.ಸಿ. ಗ್ಯಾಸ್ ಡಬ್ಬಿ, ಮೂಲೆಯಲ್ಲಿ ಸುರುಳಿ ಸುತ್ತಿದ ಒಂದು ಸಣ್ಣ ಪೈಪು. ಒಂದು ಡಬ್ಬಿ ಪೂರ್ತಿ ಖಾಲಿ, ಇನ್ನೊಂದು ಅರ್ಧ. ಗೇಜು ಇಲ್ಲ, ತೂಕ ಇಲ್ಲ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಮನೆಯ ಮುಂದೆ ನಿಂತು ತುಂಬಿದ್ದಾನೆ.

ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ ಇಬ್ಬರು ಲಾರಿ ಡ್ರೈವರುಗಳನ್ನು ಕೂಗಿ ಕರೆದೆ. ಚಹಾದಂಗಡಿಯ ಅಕ್ಕನನ್ನೂ ಕರೆದೆ. ಖಾಲಿ ಡಬ್ಬಿಯನ್ನು ಅವನ ಕೈಗೆ ಕೊಟ್ಟು, "ಹಿಡಿ, ಎತ್ತಿ ಹಿಡಿ, ಎಲ್ಲರಿಗೂ ಕಾಣಂಗ ಹಿಡಿ" ಅಂದೆ. ಹಿಡಿದ.

"ನೋಡ್ರಪ್ಪಾ, ಗೋನೆಗಂಡ್ಲದ ಇಂಜಿನಿಯರು! ಮನಿಯಾಗ ಎ.ಸಿ. ಗ್ಯಾಸ್ ತುಂಬ್ಯಾನ. ಇನ್ನ ನಮಗ್ಯಾಕ ಕೆಲಸ? ಅಂಗಡಿ ಮುಚ್ಕೊಂಡು ಹೋಗಿ ಇವನ ಕುರಿ ಕಾಯೋಣು ಬರ್ರಿ!"

ಲಾರಿ ಡ್ರೈವರ್ ಒಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಬುದ್ಧಿ ಉಂದಾ ಲೇದಾ ನೀಕು?" ನಿನಗೆ ಬುದ್ಧಿ ಇದೆಯೋ ಇಲ್ಲವೋ ಎಂದು ತೆಲುಗಿನಲ್ಲಿ ತಾನೂ ಒಂದು ಸೇರಿಸಿದ.

"ಅಲ್ರಿ ಉಸ್ತಾದ್, ಅವತ್ತ ನೀವು..." ಎಂದು ಡ್ರೈವರ್ ಏನೋ ಶುರುಮಾಡಿದ.

"ಬಾಯಿ ಮುಚ್ಚು! ಮೊದಲು ಸುಳ್ಳು ಹೇಳ್ದಿ, ಈಗ ಮಾತು ಬೇರೆ? ಆ ಅಜ್ಜಿ ಸತ್ತಿದ್ರ ಏನ್ ಮಾಡ್ತಿದ್ದಿ? ಗೋನೆಗಂಡ್ಲಕ್ಕ ಒಯ್ದು ಹೂಳ್ತಿದ್ದೇನು?"

ಅವನು ಡಬ್ಬಿ ಎತ್ತಿ ಹಿಡಿದೇ ಇದ್ದ. ಇಳಿಸು ಎಂದು ನಾನು ಹೇಳಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದು ನೋಡಿದೆ, ನೋಡಿಯೂ ಇನ್ನೆರಡು ಮಾತು ಅಂದೆ. ಕೊನೆಗೆ ಚಹಾದಕ್ಕನೇ ಬಂದು ಡಬ್ಬಿ ಕಸಿದುಕೊಂಡು ಕಸದ ಬುಟ್ಟಿಗೆ ಎಸೆದಳು.

"ಸಾಕು ಬಿಡ್ರಿ ಉಸ್ತಾದ್. ಒಬ್ಬ ಗಂಡಸಿನ್ನ ಎಷ್ಟಂತ ಅಳಿಸ್ತೀರಿ?"

ಡ್ರೈವರ್ ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದ. "ಗುರುವಾರದೊಳಗ ಆಗ್ತದೇನ್ರಿ?"

ಗುರುವಾರ ಮಂತ್ರಾಲಯಕ್ಕೆ ಜನ ಮುಗಿಬೀಳುವ ದಿನ. ಅಂದು ಗಾಡಿ ಲಾಡ್ಜಿನ ಮುಂದೆ ನಿಲ್ಲದಿದ್ದರೆ ಬೇರೆಯವನನ್ನು ಗೊತ್ತು ಮಾಡುತ್ತೇನೆ ಎಂದು ಮ್ಯಾನೇಜರ್ ಆಗಲೇ ಫೋನಿನಲ್ಲಿ ಹೇಳಿದ್ದನಂತೆ. "ಆಗ್ತೈತಿ" ಅಂದೆ. ಕೆಲಸದಲ್ಲಿ ನನಗೆ ನನ್ನ ಮೇಲೆ ಯಾವತ್ತೂ ಸಂಶಯ ಬಂದದ್ದಿಲ್ಲ.

ಸತ್ತ ಕಂಪ್ರೆಸರ್ ಬಿಚ್ಚಿದೆ. ಕಡು ಕಪ್ಪು ಎಣ್ಣೆ, ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಆ ಪುಡಿ ಪೈಪುಗಳೊಳಗೆ ಉಳಿದರೆ ಹೊಸದನ್ನೂ ತಿನ್ನುತ್ತದೆ. ಆದ್ದರಿಂದ ತೊಳೆಯುವ ದ್ರಾವಣ ಹಾಕಿ, ನೈಟ್ರೋಜನ್ ಗಾಳಿಯಿಂದ ನೂಕಿ ನೂಕಿ, ಬಿಳಿ ಬಟ್ಟೆಯ ಮೇಲೆ ಕಲೆ ಬೀಳದಷ್ಟು ಶುದ್ಧವಾಗುವ ತನಕ ತೊಳೆದೆ. ಗಾಡಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ, ಜಾಲರಿಯಂತಹ ಕಂಡೆನ್ಸರ್ ಇರುತ್ತದೆ. ಬಿಸಿ ಗ್ಯಾಸು ತಣ್ಣಗಾಗುವುದು ಅಲ್ಲಿ. ನಿಯಮದ ಪ್ರಕಾರ ಅದನ್ನು ಬಿಚ್ಚಿ ತೊಳೆಯಬೇಕು. ಬಂಪರ್ ತೆಗೆಯುವ ಬೇಸರಕ್ಕೆ ನಾನು ಅದನ್ನು ಕೂತಲ್ಲೇ ತೊಳೆದೆ. ಮುಂದಿನಿಂದ ಬಗ್ಗಿ ನೋಡಿದೆ, ಕನ್ನಡಿ ಥರ ಫಳಫಳ ಅನ್ನುತ್ತಿತ್ತು. ಇವನು ದಿನಾ ವಾಟರ್ ಸರ್ವಿಸಿನಲ್ಲಿ ಜೋರು ಪೈಪು ಹಿಡಿದು ತೊಳೆಯುತ್ತಾನಲ್ಲ, ಅದೊಂದು ಸುಖ ಅಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಬಳ್ಳಾರಿಯಿಂದ ಬಸ್ಸಿನಲ್ಲಿ ಬೇರೆ ಕಂಪ್ರೆಸರ್ ಬಂತು. ಸೆಕೆಂಡ್ ಹ್ಯಾಂಡು, ಆದರೆ ಒಳ್ಳೆಯದು. ಕೂರಿಸಿದೆ. ಬೆಲ್ಟ್, ಫಿಲ್ಟರ್ ಬದಲಿಸಿದೆ, ರಬ್ಬರ್ ಉಂಗುರಗಳನ್ನೆಲ್ಲ ಹೊಸದು ಹಾಕಿದೆ. ಆಮೇಲೆ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ಪ್ರತಿ ಜೋಡಣೆ ಪರೀಕ್ಷಿಸಿದೆ. ಒಂದು ಗುಳ್ಳೆ ಬರಲಿಲ್ಲ. ಎರಡು ತಾಸು ಬಿಟ್ಟೆ, ಗೇಜಿನ ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹಳೆಯ ಪೈಪು, ಹಳೆಯ ಕಂಡೆನ್ಸರ್, ಹಳೆಯ ಕೂಲಿಂಗ್ ಕಾಯಿಲ್, ಎಲ್ಲೂ ಸೋರಿಕೆ ಇಲ್ಲ. ಅಲ್ಲೇ ನನ್ನ ತಲೆಗೆ ಹೊಳೆಯಬೇಕಿತ್ತು. ಎಲ್ಲೂ ಸೋರದ ಗಾಡಿಯಲ್ಲಿ, ಇವನು ತುಂಬಬೇಕಾಗುವಷ್ಟು ಗ್ಯಾಸ್ ಮೊದಲು ಕಡಿಮೆ ಆಗಿದ್ದಾದರೂ ಹೇಗೆ? ಹೊಳೆಯಲಿಲ್ಲ. ಬೈಯುವ ಉಮೇದಿನಲ್ಲಿ ಇದ್ದೆ.

ಮುಕ್ಕಾಲು ತಾಸು ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದೆ. ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು, ಬಾನೆಟ್ಟಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗ್ರಾಂ ಎಂದಿತ್ತೋ ಅಷ್ಟೇ ಗ್ಯಾಸ್ ಬಿಟ್ಟೆ. ಡ್ರೈವರ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ.

"ನೋಡಿ ಕಲಿ. ಹಿಂಗ ತುಂಬಬೇಕು, ಕುರಿಗೆ ನೀರು ಕುಡಿಸಿದಂಗ ಅಲ್ಲ."

"ಹೂಂನ್ರಿ" ಅಂದ.

ಗಾಡಿ ಚಾಲೂ ಮಾಡಿಸಿದೆ. ಐದು ನಿಮಿಷ ತಣ್ಣಗೆ ಬಂತು. ಆಮೇಲೆ ಗೇಜು ನೋಡುತ್ತೇನೆ, ಇನ್ನೂರರ ಸುಮಾರಿಗೆ ನಿಲ್ಲಬೇಕಾದ ಒತ್ತಡದ ಮುಳ್ಳು ಇನ್ನೂರೈವತ್ತು ದಾಟಿ, ಮುನ್ನೂರು ದಾಟಿ ಮುನ್ನೂರೈವತ್ತರತ್ತ ಹೊರಟಿತ್ತು. ಗಾಳಿ ಬೆಚ್ಚಗಾಯಿತು. ಬಂದ್ ಮಾಡಿಸಿದೆ. ಇನ್ನೊಂದು ಸಲ ಅದೇ ವಾಲ್ವ್ ಹಾರಬಾರದಲ್ಲ.

"ನಿನ್ನ ಡಬ್ಬ್ಯಾಗ ಗ್ಯಾಸಿನ ಜೊತಿ ಸೋರಿಕೆ ಮುಚ್ಚೋ ಅಂಟು ಇತ್ತು" ಅಂದೆ. "ಅದು ಒಳಗಿನ ವಾಲ್ವಿನಾಗ ಕೂತೈತಿ. ಎಲ್ಲಾ ಕೆಡಿಸಿ ಕೈ ತೊಳ್ಕೊಂಡಿ ನೋಡು."

ಡ್ಯಾಶ್‌ಬೋರ್ಡ್ ಬಿಚ್ಚಿ, ಅದರ ಹಿಂದೆ ಗ್ಯಾಸನ್ನು ಅಳೆದು ಬಿಡುವ ಇನ್ನೊಂದು ವಾಲ್ವ್ ತೆಗೆಯುವುದೆಂದರೆ ಅರ್ಧ ದಿನದ ಕೆಲಸ. ಕಾದ ತಗಡಿನ ಶೆಡ್ಡಿನಲ್ಲಿ, ಬೆನ್ನು ಮುರಿದುಕೊಂಡು, ಕಾಲು ಮೇಲೆ ತಲೆ ಕೆಳಗೆ ಮಾಡಿ ಸ್ಕ್ರೂ ಬಿಚ್ಚುತ್ತಿದ್ದೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ವಾಲ್ವ್ ಹೊರಗೆ ಬಂತು. ಅದರಲ್ಲಿ ಅಂಟೂ ಇಲ್ಲ, ಪುಡಿಯೂ ಇಲ್ಲ, ತೊಳೆದ ಲೋಟದ ಹಾಗೆ ಶುದ್ಧವಾಗಿತ್ತು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಸರಿಯಾಗಿ ಆಗಲೇ ಫೋನ್ ಬಂತು. ಲಾಡ್ಜಿನ ಮ್ಯಾನೇಜರ್.

"ಉಸ್ತಾದರಾ? ನಿಮ್ಮ ಬಗ್ಗೆ ಕೇಳಿದೀನ್ರೀ. ಸುಳ್ಳು ಹೇಳೋರಲ್ಲ ಅಂತಾರೆ. ಒಂದೇ ಮಾತು ಕೇಳ್ತೀನಿ. ಮಷೀನು ಅಂದ್ಮೇಲೆ ಕೆಡತ್ತೆ, ತಾನಾಗೇ ಕೆಟ್ಟಿದ್ರೆ ನಾನು ಅವನನ್ನ ಬಿಡೋಲ್ಲ. ನಾಲ್ಕು ವರ್ಷದಿಂದ ಇದಾನೆ, ಯಾತ್ರಿಕರ ಚೀಲ ತಾನೇ ಹೊರ್ತಾನೆ. ಆದ್ರೆ ಇವನೇ ಏನಾದ್ರೂ ಕೈಯಾಡಿಸಿ ಹಿಂಗಾಗಿದ್ರೆ, ವಯಸ್ಸಾದವರನ್ನ ಆ ಗಾಡೀಲಿ ಹೇಗ್ರೀ ಕೂರಿಸ್ಲಿ? ಯಾವುದು ನಿಜ?"

ಡ್ರೈವರ್ ಎರಡು ಮಾರು ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಯಾರ ಫೋನು ಎಂದು ಅವನಿಗೆ ತಿಳಿದಿತ್ತು. ಎರಡೂ ಕೈ ಎದೆಯ ಹತ್ತಿರ ಬಂದಿದ್ದವು, ಇನ್ನೂ ಮುಗಿದಿರಲಿಲ್ಲ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ, ಸಿಟ್ಟು ಬಂತು. ನನ್ನ ಬೆನ್ನು ನೋಯುತ್ತಿತ್ತು, ನನ್ನ ಲೆಕ್ಕ ತಪ್ಪುತ್ತಿತ್ತು, ಅದಕ್ಕೆಲ್ಲ ಇವನೇ ಕಾರಣ ಅನ್ನಿಸಿತ್ತು.

"ತಾನಾಗೇ ಎಲ್ಲಿ ಕೆಡ್ತದ್ರಿ? ಮನಿಯಾಗ ತಾನೇ ಗ್ಯಾಸ್ ತುಂಬ್ಯಾನ. ಡಿಕ್ಕ್ಯಾಗ ಡಬ್ಬಿ ಸಿಕ್ಕಾವ. ಮೊದಲು ಸುಳ್ಳೂ ಹೇಳಿದ."

"ಛೆ ಛೆ" ಎಂದು ಮ್ಯಾನೇಜರ್ ಫೋನಿಟ್ಟ.

ಡ್ರೈವರಿನ ಕೈಗಳು ಕೆಳಗಿಳಿದವು. ಅವನು ಚಹಾದಂಗಡಿಗೆ ಹೋಗಿ ನನಗೊಂದು ಚಹಾ ತಂದುಕೊಟ್ಟ.

ಆ ಸಂಜೆ ತಗಡು ಕತ್ತರಿಸಿ ಬಣ್ಣದಲ್ಲಿ ಬರೆದೆ. ಗೋನೆಗಂಡ್ಲ. ಅದರ ಕೆಳಗೆ, ಮನಿಯಾಗ ಗ್ಯಾಸ್ ತುಂಬ್ಯಾನ. ಹನ್ನೊಂದನೇ ಮೊಳೆ ಹೊಡೆದು ಅವನ ಸತ್ತ ಕಂಪ್ರೆಸರನ್ನು ನೇತುಹಾಕಿದೆ. ಮೊಳೆ ಹೊಡೆಯುವಾಗ ಸ್ಟೂಲು ಅಲುಗದಂತೆ ಹಿಡಿದುಕೊಂಡಿದ್ದವನು ಅವನೇ.

ಬುಧವಾರ ನಸುಕಿಗೂ ಮುಂಚೆ ಎದ್ದು ಹೊಸ ವಾಲ್ವ್ ಹಾಕಿ, ಎಲ್ಲ ಮತ್ತೆ ಜೋಡಿಸಿ, ಮತ್ತೆ ಗಾಳಿ ಎಳೆದು, ಮತ್ತೆ ತೂಕ ಮಾಡಿ ಗ್ಯಾಸ್ ತುಂಬಿದೆ. ಬೆಳಿಗ್ಗೆ ಎಂಟಕ್ಕೆ ಹಿಮದಂತೆ ತಣ್ಣಗೆ ಬಂತು. ಹನ್ನೊಂದಕ್ಕೆ ಬಿಸಿಲೇರಿದಂತೆ ಮುಳ್ಳೂ ಏರಿತು. ಮುನ್ನೂರ ಅರವತ್ತು. ಫ್ಯಾನು ತಿರುಗುತ್ತಿದೆ, ಗ್ಯಾಸು ಸರಿಯಿದೆ, ವಾಲ್ವ್ ಹೊಸದು, ಕಂಪ್ರೆಸರ್ ಗಟ್ಟಿ. ಬಂದ್ ಮಾಡಿ, ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಕಸುಬು ಕಲಿಯುವ ಮೊದಲ ವಾರ ನನ್ನ ಗುರು ನನಗೆ ಕಲಿಸಿದ ಪರೀಕ್ಷೆ ಒಂದಿದೆ. ಒತ್ತಡ ಹೆಚ್ಚಿದ್ದರೆ ಕಂಡೆನ್ಸರಿನ ಮೇಲೆ ಒಂದು ಬಕೆಟ್ ನೀರು ಸುರಿ. ಮುಳ್ಳು ಥಟ್ಟನೆ ಇಳಿದರೆ ಗ್ಯಾಸಿನ ದೋಷವಲ್ಲ, ಕಂಡೆನ್ಸರಿಗೆ ಗಾಳಿ ಸಿಗುತ್ತಿಲ್ಲ ಎಂದರ್ಥ. ಎಷ್ಟೋ ವರ್ಷಗಳಿಂದ ನಾನದನ್ನು ಮಾಡಿರಲಿಲ್ಲ. ಕೈಯಿಟ್ಟು ಹೇಳುವವನಿಗೆ ಬಕೆಟ್ ಯಾಕೆ?

"ಒಂದು ಬಕೀಟು ನೀರು ತಾ" ಅಂದೆ.

ಮತ್ತೆ ಚಾಲೂ ಮಾಡಿಸಿದೆ. ಮುಳ್ಳು ಏರುವ ತನಕ ಕಾದೆ. ಡ್ರೈವರ್ ಸುರಿದ. ಮುನ್ನೂರ ಅರವತ್ತು ಇದ್ದದ್ದು ನನ್ನ ಕಣ್ಣೆದುರೇ ಇನ್ನೂರಕ್ಕೆ ಬಿತ್ತು. ಗಾಡಿಯ ಕಿಂಡಿಯಿಂದ ತಣ್ಣನೆ ಗಾಳಿ ಹೊರಟಿತು. ನೀರು ಆರಿತು, ಮುಳ್ಳು ಮತ್ತೆ ಏರಿತು. ಇನ್ನೊಂದು ಬಕೆಟ್. ಮತ್ತೆ ಬಿತ್ತು.

ಆಗ ಬಂಪರ್ ಬಿಚ್ಚಲು ನಿರ್ಧರಿಸಿದೆ. ಬಂಪರ್, ಅದರ ಹಿಂದಿನ ಕಬ್ಬಿಣದ ಪಟ್ಟಿ, ಮೇಲಿನ ಬೋಲ್ಟುಗಳು. ಕಂಡೆನ್ಸರನ್ನು ಪೈಪು ಬಿಚ್ಚದೆ ನಾಲ್ಕು ಬೆರಳು ಮುಂದಕ್ಕೆ ಎಳೆದೆ. ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕಂಬಳಿ ತುಂಡಿನಂಥದ್ದು ಒಂದು ಕೂತಿತ್ತು. ಹತ್ತಿ. ಅರಳೆಯ ಎಳೆ, ಧೂಳು, ಎಣ್ಣೆ ಎಲ್ಲ ಸೇರಿ ಬೆರಳು ದಪ್ಪ ಹೆಣೆದುಕೊಂಡಿತ್ತು. ಮೂಲೆ ಹಿಡಿದು ಎಳೆದೆ, ಇಡೀ ಹಾಳೆ ಹಾಗೇ ಕಳಚಿ ಬಂತು.

"ಗಾಡಿ ಎಲ್ಲಿ ನಿಂದರಿಸ್ತಿ?" ಕೇಳಿದೆ.

"ರೈಲು ಬರೋ ತನಕ ಜಿನ್ನಿಂಗ್ ಮಿಲ್ಲಿನ ಹಿಂದಿನ ಸಂದ್ಯಾಗ್ರಿ. ಬೇವಿನ ನೆಳ್ಳೈತಿ. ಚಳಿಗಾಲ ಪೂರ್ತಿ ಅಲ್ಲೇ ನಿಂದರಿಸಿದ್ದೆ."

ಚಳಿಗಾಲ ಪೂರ್ತಿ ಆ ಸಂದಿಯಲ್ಲಿ ಹತ್ತಿಯ ಧೂಳು ಮಂಜಿನಂತೆ ಹಾರುತ್ತದೆ. ಅದು ಜಾಲರಿಗೆ ಹತ್ತಿಕೊಂಡಿದೆ. ಇವನು ದಿನಾ ಮುಂದಿನಿಂದ ಜೋರು ನೀರು ಹೊಡೆದು ಮುಂಭಾಗವನ್ನು ಫಳಫಳ ಮಾಡಿದ್ದಾನೆ, ಹತ್ತಿಯೆಲ್ಲ ಒಳಗಿನ ಸಂದಿಗೆ ಹೋಗಿ ಗಟ್ಟಿಯಾಗಿದೆ. ಬಿಸಿಲು ಬಿದ್ದೊಡನೆ ಎ.ಸಿ. ಸೋತಿದೆ. ಗ್ಯಾಸ್ ಯಾವತ್ತೂ ಕಡಿಮೆ ಇರಲೇ ಇಲ್ಲ. ತುಂಬಿದ ಗಾಡಿಗೆ ಇವನು ಮೇಲೆ ಒಂದೂವರೆ ಡಬ್ಬಿ ತುಂಬಿದ್ದಾನೆ.

ಡ್ರೈವರ್ ಆ ಹಾಳೆಯನ್ನು ಎತ್ತಿ ತಿರುಗಿಸಿ ನೋಡಿದ. ಮೂರು ದಿನದಲ್ಲಿ ಮೊದಲ ಸಲ ನಕ್ಕ. "ನಮ್ಮವ್ವ ನೋಡಿದ್ರ ಇದರಾಗ ದಿಂಬು ತುಂಬ್ತಿದ್ಲು." ಆಮೇಲೆ ಮೆಲ್ಲಗೆ, "ಹಂಗಾದ್ರ ಇದರಿಂದ್ಲೇ ಏನ್ರಿ?"

"ಇದರಿಂದ ಸ್ವಲ್ಪ. ಮುಖ್ಯ ನೀ ತುಂಬಿದ್ದು" ಅಂದೆ.

ಅವನು ಅರ್ಧ ತಾಸು ಕೂತು ಎರಡೂ ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ನಾನು ಬಂಪರ್ ಹಾಕಿದೆ. ಎಂಜಿನ್ ಚಾಲೂ ಮಾಡಿ ಡ್ರೈವರ್ ಸೀಟಿನಲ್ಲಿ ಕೂತು ಗೇಜು ನೋಡಿದೆ. ಉರಿಬಿಸಿಲಿನಲ್ಲೂ ಮುಳ್ಳು ಇನ್ನೂರ ಹತ್ತರಲ್ಲಿ ಕಲ್ಲಿನಂತೆ ನಿಂತಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ತಲೆಯ ಮೇಲಿನ ಬಿಸಿಲು ಮರೆ ಕೆಳಗೆಳೆದೆ. ರಾಯರ ಫೋಟೊ ಮತ್ತು ಒಂದು ಮಡಿಚಿದ ಚೀಟಿ ತೊಡೆಯ ಮೇಲೆ ಬಿದ್ದವು.

ಚೀಟಿ ನನ್ನದು. ನನ್ನ ಕೈಬರಹ. ಗ್ಯಾಸ್ ಕಮ್ಮಿ ಐತಿ, ತುಂಬಿಸಬೇಕು. ಕೆಳಗೆ ಹನ್ನೆರಡು ದಿನ ಬಿಟ್ಟು ಬರಲು ಹಾಕಿದ ಸರದಿಯ ದಿನ.

ಆಗ ನೆನಪಾಯಿತು. ಏಪ್ರಿಲ್ ಕೊನೆಯಲ್ಲಿ, ಗಾಡಿಗಳ ಸಾಲಿನಲ್ಲಿ, ಇವನೊಬ್ಬ. ನಾನು ಕಿಟಕಿಯೊಳಗೆ ಕೈ ಹಾಕಿ ಅಂಗೈ ಒಡ್ಡಿದೆ, ಬಾನೆಟ್ ಎತ್ತಲಿಲ್ಲ. "ಹನ್ನೆರಡು ದಿನ ಆಗಂಗಿಲ್ರಿ, ಲಾಡ್ಜಿನವರು ಬೈತಾರ" ಎಂದು ಗೋಗರೆದಿದ್ದ. "ಹಂಗಾದ್ರ ನೀನೇ ತುಂಬ್ಕೋ ಹೋಗು" ಎಂದು ನಾನು ಮುಂದಿನ ಗಾಡಿಗೆ ಹೋಗಿದ್ದೆ. ಅವನು ನನ್ನ ಚೀಟಿಯನ್ನು ಔಷಧಿ ಅಂಗಡಿಗೆ ತೋರಿಸುವ ಹಾಗೆ ಬಿಡಿಭಾಗದ ಅಂಗಡಿಗೆ ತೋರಿಸಿ, ಡಬ್ಬಿ ಕೊಂಡು, ಉಸ್ತಾದ್ ಹೇಳಿದ್ದನ್ನೇ ಮಾಡಿದ್ದ. ಚೀಟಿಯನ್ನು ದೇವರ ಫೋಟೊದ ಹಿಂದೆ ಇಟ್ಟುಕೊಂಡಿದ್ದ.

ಗೇಜು ಇಲ್ಲದೆ ತುಂಬಿದ್ದು ಅವನ ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಹೌದು, ತಪ್ಪೇ. ಆದರೆ ಮ್ಯಾನೇಜರ್ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ತೊಡೆಯ ಮೇಲಿತ್ತು. ಗುರುವಾರಕ್ಕೆ ಇನ್ನೂ ಒಂದು ರಾತ್ರಿ ಬಾಕಿ. ಒಂದು ಫೋನು ಸಾಕು. ಫೋನ್ ತೆಗೆದೆ. ಪರದೆಯ ಮೇಲೆ ಗ್ರೀಸು ಹತ್ತಿತ್ತು, ಅಂಗಿಗೆ ಒರೆಸಿದೆ. ಮ್ಯಾನೇಜರಿನ ನಂಬರ್ ಮೇಲೇ ಇತ್ತು. ಕಿಟಕಿಯಾಚೆ ಚಹಾದಂಗಡಿಯಲ್ಲಿ ಅದೇ ಲಾರಿ ಡ್ರೈವರ್ ಯಾರಿಗೋ ನನ್ನ ಗೋಡೆ ತೋರಿಸಿ ನಗುತ್ತಿದ್ದ. ನಾಳೆ ಅವನು ನನ್ನನ್ನು ತೋರಿಸಿ ನಗುತ್ತಾನೆ ಅನ್ನಿಸಿತು. ಫೋನನ್ನೂ ಚೀಟಿಯನ್ನೂ ಒಂದೇ ಜೇಬಿಗೆ ಹಾಕಿಕೊಂಡು ಇಳಿದೆ.

ಡ್ರೈವರ್ ಹತ್ತಿ ಕೂತ. ಕಿಂಡಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ತಣ್ಣನೆ ಗಾಳಿ ತೆಗೆದುಕೊಂಡ. ಫೋಟೊ ಸರಿಪಡಿಸುವಾಗ ತಡಕಾಡಿದ.

"ನಿಮ್ಮ ಚೀಟಿ ಇಲ್ಲೇ ಇಟ್ಟಿದ್ದೆ ಉಸ್ತಾದ್. ಎಲ್ಲಿ ಬಿತ್ತೋ." ಸೀಟಿನ ಕೆಳಗೆ ಬಗ್ಗಿ ಹುಡುಕುತ್ತ ಕೇಳಿದ, "ಮೂರು ದಿನದಿಂದ ಅದನ್ನ ಯೋಚ್ನಿ ಮಾಡಾಕತ್ತೀನ್ರಿ. ನೀನೇ ತುಂಬ್ಕೋ ಅಂತ ನೀವು ಸಿಟ್ಟಿಗೆ ಅಂದಿರಬೇಕು. ನೀವು ಅದರಾಗ ‘ನಾನೇ ತುಂಬಿಸ್ತೀನಿ, ನೀ ಮುಟ್ಟಬ್ಯಾಡ’ ಅಂತ ಬರ್ದಿದ್ರಿ ಏನು? ನಾನೇ ಅವಸರದಾಗ ಸರಿಯಾಗಿ ನೋಡ್ಲಿಲ್ಲೇನೋ."

"ಹೂಂ" ಅಂದೆ.

ಅವನು ಕೆಳಗಿಳಿದು ನನ್ನ ಕಾಲು ಮುಟ್ಟಿದ. "ತಪ್ಪಾತ್ರಿ" ಅಂದ.

ಗುರುವಾರ ನಸುಕಿನಲ್ಲೇ ಅವನು ಮಂತ್ರಾಲಯಕ್ಕೆ ಹೋಗಿ ಲಾಡ್ಜಿನ ಮುಂದೆ ಗಾಡಿ ನಿಲ್ಲಿಸಿದನಂತೆ. ಅಲ್ಲಿ ಆಗಲೇ ಬೇರೊಂದು ಗಾಡಿ ನಿಂತಿತ್ತು. ಮ್ಯಾನೇಜರ್ ಬೈಯಲಿಲ್ಲ. ಒಳಗೆ ಕರೆದು, ಇಡ್ಲಿ ತಿನ್ನಿಸಿ, ನಾಳೆಯಿಂದ ಬರಬೇಡ ಅಂದ. ಇದನ್ನೆಲ್ಲ ಡ್ರೈವರೇ ನನಗೆ ಹೇಳಿದ್ದು, ನನ್ನದೇ ಶೆಡ್ಡಿನಲ್ಲಿ, ನಾನು ಬೇರೆ ಗಾಡಿಗೆ ಬೋಲ್ಟು ಬಿಗಿಯುತ್ತಿದ್ದಾಗ.

ಮಳೆಗಾಲದ ಹೊತ್ತಿಗೆ ಬಿಳಿ ಗಾಡಿ ಮಾರಿಬಿಟ್ಟ. ಈಗ ಜಿನ್ನಿಂಗ್ ಮಿಲ್ಲಿನ ಗೂಡ್ಸ್ ಆಟೊ ಓಡಿಸುತ್ತಾನೆ, ಅದರಲ್ಲಿ ಎ.ಸಿ.ಯ ಪ್ರಶ್ನೆಯೇ ಇಲ್ಲ. ಆದರೂ ವಾರಕ್ಕೊಮ್ಮೆ ಚಹಾಕ್ಕೆ ಬರುತ್ತಿದ್ದ. ಬಂದಾಗಲೆಲ್ಲ ಯಾರಾದರೂ ಇದ್ದರೆ ಗೋಡೆಯ ಮುಂದೆ ನಿಲ್ಲಿಸಿ, "ನೋಡ್ರಿ, ಇದು ನಂದು" ಎಂದು ತೋರಿಸುತ್ತಿದ್ದ. ಜನ ನಗುತ್ತಿದ್ದರು, ಅವರ ಜೊತೆ ತಾನೂ ನಗುತ್ತಿದ್ದ. ನಾನು ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದೆ.

ಒಂದು ದಿನ ತನ್ನ ಹೆಂಡತಿಯ ತಮ್ಮನನ್ನು ಕರೆತಂದ. ಆ ಹುಡುಗ ಹಳೆಯ ಕಾರೊಂದು ಕೊಂಡಿದ್ದ. ಅವನಿಗೆ ಬುದ್ಧಿ ಹೇಳುವ ದನಿಯಲ್ಲಿ ಡ್ರೈವರ್ ಹೇಳಿದ, "ಉಸ್ತಾದ್ ಚೀಟ್ಯಾಗ ಮುಟ್ಟಬ್ಯಾಡ ಅಂತ ಸಾಫಾಗಿ ಬರ್ದಿದ್ರು. ನಾ ಕೇಳಲಿಲ್ಲ. ಅನ್ನ ಕಳ್ಕೊಂಡೆ. ನೀ ಅವರ ಮಾತು ಮೀರಬ್ಯಾಡ."

ನನ್ನ ಸುಳ್ಳು ಅವನ ಬಾಯಲ್ಲಿ ಅಷ್ಟು ಸಲೀಸಾಗಿ, ಅಷ್ಟು ನಂಬಿಕೆಯಿಂದ ಹೊರಬಂತು. ಅಂದು ಸಂಜೆ ಮೇಜಿನ ಡ್ರಾಯರಿನಿಂದ ಚೀಟಿ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹನ್ನೊಂದನೇ ಕಂಪ್ರೆಸರಿಗೆ ತಂತಿಯಿಂದ ಕಟ್ಟಿದೆ. ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಹೀಗೆ ಮಾಡಿದೆ.

ಮುಂದಿನ ವಾರ ಅವನು ಒಬ್ಬನೇ ಬಂದ. ಗೋಡೆಯ ಹತ್ತಿರ ಹೋದ. ಓದಿದ. ಇನ್ನೊಮ್ಮೆ ಓದಿದ. ನಾನು ಕೈಯಲ್ಲಿ ಬೋಲ್ಟು ಬಿಗಿಯುವ ಪಾನಾ ಹಿಡಿದು ನಿಂತಿದ್ದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

"ಇದು ನಿಮಗ ಯಾವತ್ತು ಸಿಕ್ಕಿತ್ರಿ?"

"ಬುಧವಾರ."

"ಬುಧವಾರ" ಅಂದ. ಬೆರಳು ಮಡಿಚಿ ಏನೋ ಎಣಿಸಿದವನಂತೆ ನಿಂತ. ಬುಧವಾರದ ಮರುದಿನ ಗುರುವಾರ ಎಂದು ಎಣಿಸಲು ಒಂದೇ ಬೆರಳು ಸಾಕು.

ಆಮೇಲೆ ನೆಲದ ಮೇಲಿದ್ದ ಚಿಂದಿ ಬಟ್ಟೆ ಎತ್ತಿಕೊಂಡ. ಪೆಟ್ರೋಲಿನ ಡಬ್ಬದಲ್ಲಿ ಅದ್ದಿದ. ಸ್ಟೂಲು ತಾನೇ ಎಳೆದುಕೊಂಡು ಹತ್ತಿ, ತಗಡಿನ ಮೊದಲ ಸಾಲನ್ನು ಉಜ್ಜತೊಡಗಿದ. ಸ್ಟೂಲು ಅಲುಗುತ್ತಿತ್ತು. ಹಿಡಿಯಲು ಹೋದೆ.

"ಬ್ಯಾಡ್ರಿ" ಅಂದ.

ಕೆಂಪು ಬಣ್ಣ ಕರಗಿ ಅವನ ಮುಂಗೈಗೆ ಇಳಿಯಿತು. ಉಜ್ಜುತ್ತಲೇ ಮಾತಾಡಿದ. "ಊರಿನ ಹೆಸರಷ್ಟು ತೆಗಿತೀನ್ರಿ. ಮಿಕ್ಕಿದ್ದು ಇರ್ಲಿ. ನಮ್ಮೂರವರು ಆದವಾನಿಗೆ ಬಂದಾಗ ಇದನ್ನ ನೋಡಿ ಹೋಗಿ ಊರೆಲ್ಲಾ ಹೇಳ್ಯಾರ. ಸಾಲ್ಯಾಗ ನನ್ನ ಮಗಳನ್ನ ಯಾರೂ ಹೆಸರು ಹಿಡಿದು ಕರಿಯಂಗಿಲ್ಲ. ಗ್ಯಾಸ್ ಡಬ್ಬಿ ಅಂತಾರ. ಅಪ್ಪಾ, ನೀ ಖರೇನೇ ಹಂಗ ಮಾಡಿದ್ದೇನು ಅಂತ ಆಕಿ ಕೇಳಿದ್ಲು. ಹೂಂ ಮಗಳೇ, ಉಸ್ತಾದ್ ಬ್ಯಾಡಂದ್ರೂ ಮಾಡಿದೆ ಅಂದಿದ್ದೆ."

ಇಳಿದ. ಸ್ಟೂಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ಚಹಾದಕ್ಕ "ಚಾ ಐತಿ ಬಾರಪ್ಪಾ" ಎಂದು ಕೂಗಿದಳು. ಅವನು ತಿರುಗಿ ನೋಡದೆ ಆಟೊ ಹತ್ತಿ ಹೋದ. ಮತ್ತೆ ಬಂದಿಲ್ಲ. ದಿನಾ ನನ್ನ ಶೆಡ್ಡಿನ ಮುಂದೆಯೇ ಅರಳೆ ಮೂಟೆ ಹೇರಿಕೊಂಡು ಹೋಗುತ್ತಾನೆ.

ಕೈಯಿಟ್ಟು ಹೇಳುವುದನ್ನು ಬಿಟ್ಟಿದ್ದೇನೆ. ಈಗ ಮೊದಲು ಬಾನೆಟ್ ಎತ್ತುತ್ತೇನೆ, ಬಕೆಟ್ ನೀರು ತರಿಸುತ್ತೇನೆ. ಗೋಡೆಯ ಮೇಲಿನ ಮಿಕ್ಕ ಹತ್ತನ್ನು ಇಳಿಸಿ ಗುಜರಿಗೆ ಹಾಕಿದೆ. ಒಂದು ಮಾತ್ರ ಉಳಿದಿದೆ. ತಗಡಿನ ಮೇಲೆ ಹೆಸರಿನ ಜಾಗ ಖಾಲಿ, ಕೆಳಗೆ ನನ್ನ ಚೀಟಿ. ಎ.ಸಿ. ರಿಪೇರಿಗೆ ಬಂದವರು ಕಾಯುತ್ತ ಕೂತಾಗ ಅದನ್ನು ನೋಡಿ, ನಗಲು ಸಿದ್ಧರಾಗಿಯೇ ಕೇಳುತ್ತಾರೆ.

"ಇದು ಯಾವೂರದ್ದು ಉಸ್ತಾದ್?"

"ಆದವಾನಿದು" ಅನ್ನುತ್ತೇನೆ.